ಅರ್ಧ ಕ್ಷೌರ

ಬಟೂಮಿಯ ಬಂದರಿನ ಹಿಂದಿನ ಬೀದಿಯಲ್ಲಿ
ನನ್ನ ಅಂಗಡಿ. ಕ್ರೇನ್ ಓಡಿಸುವ ಜುಂಬೆರ್
ಒಳಗೆ ಕಾಲಿಡುವ ಮುನ್ನವೇ ಫ್ಯಾನು ಆರಿಸುತ್ತೇನೆ.

"ಬಲಗೆನ್ನೆ ಮಾತ್ರ" ಅನ್ನುತ್ತಾನೆ, ತುಟಿ ಅಲುಗಿಸದೆ.
ಎಡಗಡೆ ಎಂಟು ತಿಂಗಳ ಗಡ್ಡ,
ಯಾರೂ ಹೊಕ್ಕದ ಹಿತ್ತಿಲು.

ಹಲ್ಲುನೋವೆಂದುಕೊಂಡು ಮೂರು ಕೀಳಿಸಿದ್ದ.
ಮೂರೂ ಗಟ್ಟಿಮುಟ್ಟು. ಕಾಗದದಲ್ಲಿ ಸುತ್ತಿ
ಜೇಬಿನಲ್ಲೇ ಇಟ್ಟುಕೊಂಡಿದ್ದಾನೆ, ಸಾಕ್ಷಿಗೆ.
ಕಡಲ ಗಾಳಿ ಸೋಕಿದರೆ, ಬ್ರೆಡ್ಡಿನ ಚೂರು ಅಗಿದರೆ,
ಹೆಂಡತಿ ಮುತ್ತಿಡಲು ಬಂದರೆ
ಕಿವಿಯಿಂದ ದವಡೆಗೆ ಕರೆಂಟು ಹೊಡೆದ ಹಾಗೆ.
ಎರಡೇ ಕ್ಷಣ. ಆಮೇಲೆ ಉಸಿರು ಹಿಡಿದು
ಮುಂದಿನದು ಯಾವಾಗಲೋ ಎಂದು ಕೂರಬೇಕು.

ಮಾತ್ರೆ ನೋವನ್ನು ಮಲಗಿಸಿತು, ಅವನನ್ನೂ.
ಕ್ರೇನಿನ ಏಣಿ ಹತ್ತಬೇಡ ಎಂದರು.

ಮಾರ್ಚಿನಲ್ಲಿ ಟಿಬಿಲಿಸಿಗೆ ಹೋದ.
ಕಿವಿಯ ಹಿಂದೆ ನಾಣ್ಯದಗಲ ಕೊರೆದು
ನರದ ಮೇಲೆ ಬಡಿಯುತ್ತಿದ್ದ ರಕ್ತನಾಳ ಸರಿಸಿ
ನಡುವೆ ಟೆಫ್ಲಾನ್ ಚೂರು ಇಟ್ಟರಂತೆ.
"ಬಾಣಲೆಗೆ ಬಳಿಯೋದಾ?"
"ಅದೇ ಜಾತಿ."

ಇವತ್ತು ಬಂದ. ಫ್ಯಾನು ಆರಿಸಲು ಎದ್ದೆ.
"ಇರಲಿ" ಅಂದ.
ಎಡಗೆನ್ನೆಗೆ ನೊರೆ ಹಚ್ಚಿದೆ. ಕತ್ತಿ ಹಿಡಿದ
ನನ್ನ ಕೈಯೇ ನಡುಗುತ್ತಿತ್ತು.
ಅವನು ಕಣ್ಣು ಮುಚ್ಚಿರಲಿಲ್ಲ. ಕನ್ನಡಿಯೊಳಗೆ
ಆ ಕೈಯನ್ನೇ ನೋಡುತ್ತಿದ್ದ.