ಇಲ್ಲದ ಕಡೆಗೆ ವಾರ್ನಿಷ್

ಸಾಗರದ ಗುಡಿಗಾರರ ಕೇರಿಯಲ್ಲಿ
ಜಟ್ಟಪ್ಪನ ಉಳಿಪೆಟ್ಟಿಗೆಯ ಮೇಲೆ, ಗೋಡೆಗೆ,
ಒಂದು ಮುರಿದ ಅಲಗು.
ನೋಡಿದವರೆಲ್ಲ ಕೇಳುವುದು ಒಂದೇ:
ಶರಾವತಿ ದೋಣಿಯ ಹುಟ್ಟೇನೋ ಇದು?
'ಹುಟ್ಟೇ ಮಾರಾಯ,' ಅನ್ನುತ್ತಿದ್ದ,
'ನೀರಿಂದಲ್ಲ, ಅಷ್ಟೆ.'

ನಲವತ್ತೆರಡರಲ್ಲಿ ಬೆಂಗಳೂರಿಗೆ ಕರೆದೊಯ್ದರು,
ಗಂಧದ ಹುಡಿ ಇನ್ನೂ ಉಗುರಲ್ಲಿದ್ದ ಹಾಗೇ.
ಕಾಳಗದ ವಿಮಾನ. ಮೂತಿಗೆ ಮರದ ಪಂಖ.
ಹಲಗೆ ಮೇಲೆ ಹಲಗೆ ಅಂಟಿಸಿ ಕೊಡುವರು;
ಕೆತ್ತಬೇಕು. ಬುಡದಲ್ಲಿ ಕಡಿದಾಗಿ ನಿಂತದ್ದು
ತುದಿಗೆ ಹೋಗುತ್ತ ಹೋಗುತ್ತ ಮಲಗಬೇಕು.
ಯಾಕೆ? ತುದಿ ಹೆಚ್ಚು ಓಡುತ್ತದೆ,
ಓಡುವವನು ಗಾಳಿಗೆ ಕಡಿಮೆ ಎದೆ ಕೊಡಬೇಕು.
ದೊರೆ ಅಳತೆಪಟ್ಟಿ ಇಟ್ಟ. ಇವನು ಅಂಗೈ ಇಟ್ಟ.
ಕೂದಲೆಳೆ ತಪ್ಪಿದ್ದು ಅಂಗೈಗೇ ಮೊದಲು ಗೊತ್ತಾಯಿತು.

ಕೆತ್ತಿದ್ದನ್ನು ಎರಡು ಕತ್ತಿಬಾಯಿಯ ಮೇಲೆ ತೂಗುವುದು.
ಒಂದು ರೆಕ್ಕೆ ಕೆಳಗಿಳಿದರೆ
ಇನ್ನೊಂದಕ್ಕೆ ಒಂದೇ ಒಂದು ಕೈ ವಾರ್ನಿಷ್.
ಅಷ್ಟು ಸಾಕು. ಅಷ್ಟು ತಪ್ಪಿದರೆ
ಸಾವಿರ ಕುದುರೆಯ ಎಂಜಿನ್ನು
ಹಲ್ಲು ಕಟಕಟಿಸುತ್ತ ತನ್ನನ್ನೇ ಬಿಚ್ಚಿಕೊಳ್ಳುತ್ತದೆ.

'ಆದ್ರೆ ಮರಕ್ಕೆ ಒಂದೇ ಹಟ,' ಅನ್ನುತ್ತಿದ್ದ.
'ಮೇಲೆ ಹೋದ್ಮೇಲೆ ಬಾಣ. ನೆಲ ಬಿಡೋಕೆ ಮಾತ್ರ
ಟಾಪ್ ಗೇರಲ್ಲಿ ಆಗುಂಬೆ ಹತ್ತೋ ಬಸ್ಸು.
ಹುಡುಗ ಒಳಗೆ ಕೂತು ಬಯಲು ಮುಗಿಯೋದನ್ನೇ ನೋಡ್ತಿದ್ದ.
ಕುದುರೆ ಎಷ್ಟಿದ್ರೇನು,
ಗಾಳೀನ ಕಚ್ಚೋ ಹಲ್ಲು ಸರಿಯಿಲ್ದಿದ್ರೆ ಬರೀ ಸದ್ದು.'

ಆಮೇಲೆ ಲೋಹದ್ದು ಬಂತು. ಗುಂಬದಲ್ಲೇ ಹೊರಳುವ ಅಲಗು,
ಏರುವಾಗ ಒಂದು ಓರೆ, ಓಡುವಾಗ ಇನ್ನೊಂದು.
ಅದೇ ವಿಮಾನ, ಅದೇ ಎಂಜಿನ್ನು,
ಬೇರೆಯೇ ಹಕ್ಕಿ.
ಜಟ್ಟಪ್ಪ ಅದರ ಬುಡಕ್ಕೆ ಕೈಯಿಟ್ಟು ಹೊರಳಿಸಿ ನೋಡಿದ,
ಬಹಳ ಹೊತ್ತು.
ಮರುವಾರ ಲೆಕ್ಕ ಚುಕ್ತಾ ಮಾಡಿ ಕಳಿಸಿದರು.

ಈ ತುಂಡು ಅದಕ್ಕೂ ಮೊದಲೇ ಬರ್ಮಾ ಗಡಿಯಿಂದ
ಗುಜರಿ ಪೆಟ್ಟಿಗೆಯಲ್ಲಿ ಬಂದಿತ್ತು.
ನಡುವಿನ ತೂತು ಇದೆ, ಒಂದು ರೆಕ್ಕೆ ಇದೆ.
ಉಳಿಯ ಗುರುತು ಅವನದ್ದೇ.
ಹುಡುಗನ ಹೆಸರು ಕೇಳಿದ; ಶೆಡ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಅವನಲ್ಲಿ ಕೆಲಸ ಕಲಿಯುತ್ತಿದ್ದಾಗ, ಒಂದು ಮಧ್ಯಾಹ್ನ,
ಎರಡು ಉಳಿ ನಿಲ್ಲಿಸಿ ಅದನ್ನು ತೂಗಿಗಿಟ್ಟ.
ಇದ್ದ ಕಡೆ ಧೊಪ್ಪನೆ ಇಳಿಯಿತು.
ಕುಂಚ ಅದ್ದಿ
ಇಲ್ಲದ ಕಡೆಗೆ, ಬರೀ ಗಾಳಿಗೆ,
ಬುಡದಿಂದ ತುದಿಗೆ, ತಿರುವು ಬಿಡದೆ, ಬಳಿದ.
ನೆಲಕ್ಕೆ ನಾಲ್ಕು ಹನಿ ಬಿತ್ತು.
'ಇನ್ನೊಂದು ಕೈ ಬೇಕಾಗ್ತದೆ' ಅಂದ.
ಡಬ್ಬಿ ಮುಚ್ಚಲಿಲ್ಲ.