ಬದಲಿಗೊಂದು

ಒತ್ತಿ ನೋಡ್ರಿ ಕಾಕಾ, ಅಂದ ತಬ್ರೇಜ್,
ಹೆಬ್ಬೆಟ್ಟಿನ ಉಗುರು ಇಳೀತಂದ್ರ ಹಲ್ಲಿಗಿ ಚೊಲೊ,
ಇಳೀಲಿಲ್ಲಂದ್ರ ವಾಪಸ್ ಇಡ್ರಿ.
ಇಷ್ಟೇ ನೋಡ್ರಿ ಲೆಕ್ಕ.

ಸೂಪರ್ ಮಾರ್ಕೆಟಿನ ಹಿಂದಿನ ಗಲ್ಲಿ.
ಮೀನಿನ ಡಬ್ಬಿ, ಗಿಳಿಪಂಜರ, ಕೊಳ್ಳಪಟ್ಟಿ,
ನಡುವ ಒಂದು ಬುಟ್ಟಿ ತುಂಬ ನಾಯಿ ಆಟಿಕಿ:
ರಬ್ಬರಿನ ಎಲುಬು, ಹಗ್ಗದ ಗಂಟು,
ಹಸಿರು ಮೊಸಳಿ, ಕಿಂವ್ ಅನ್ನೂ ಕೋಳಿ.
ಶಾಬಾದದಿಂದ ಪ್ಯಾಸೆಂಜರ್ ಗಾಡಿಗಿ ಬಂದೀನಿ
ಇದೊಂದೇ ಕೆಲಸಕ್ಕ. ಮನ್ಯಾಗ ಹೇಳಿಲ್ಲ.
ಮಷೀನಿಗಿ ಬ್ಲೇಡ್ ತರಾಕ ಅಂದೀನಿ.

ಉಗುರು ಒತ್ತಿದೆ.
ಮೊಸಳಿಗಿ ಒತ್ತಿದೆ, ಎಲುಬಿಗಿ ಒತ್ತಿದೆ.
ಏನೂ ಗೊತ್ತಾಗಲಿಲ್ಲ.
ಮೂವತ್ತೊಂದು ವರ್ಷ ಕಲ್ಲು ತಿಕ್ಕಿದ ಹೆಬ್ಬೆಟ್ಟು ಇದು,
ಉಗುರು ಅರ್ಧ ಸವದದ, ಉಳಿದದ್ದಕ್ಕ ಕಲ್ಲಿನ ಬಣ್ಣ.
ಆಧಾರ್ ಕಾರ್ಡಿನ ಮಷೀನು ಸೈತ
ಮೂರು ಸಲ ಒತ್ತಿಸಿಕೊಂಡು
ಈ ಮನಶ್ಯಾ ಇಲ್ಲ ಅಂದಿತ್ತು.
ಮೆತ್ತಗಿದ್ದದ್ದು ಯಾವುದು, ಬಿರುಸು ಯಾವುದು
ಅಂತ ಇದಕ್ಕ ಕೇಳಿದ್ರ ಏನ್ ಹೇಳಬೇಕು?

ಎಷ್ಟು ವಯಸ್ಸರಿ ನಾಯಿಗಿ?
ಹನ್ನೆರಡೋ ಹದಿಮೂರೋ. ಜಾತಿ ಗೀತಿ ಇಲ್ಲ.
ಬಣ್ಣ ಬೂದಿ-ನೀಲಿ, ನೀರು ಹೊಡದ ಕಲ್ಲಿನಂಗ,
ಅದಕ್ಕ ಹೆಸರೂ ಫರಸಿ.
ಯಾರು ಕಲಿಸಿದರೋ, ಸಣ್ಣದಿದ್ದಾಗಿಂದ
ಕಟಿಂಗ್ ಮಷೀನಿನ ಬುಡಕ ಬಿದ್ದ ಚೂರು ಎತ್ತಿಕೊಂಡು
ಮೂಲಿಗಿ ಕುಂತು ಕಡೀತಿತ್ತು, ಕರಕರ,
ನಾವು ಎಲಿ-ಅಡಕಿ ಹಾಕಿದಂಗ.
ನಕ್ಕೊಂತ ನೋಡಿದಿವಿ. ಬಿಡಿಸಲಿಲ್ಲ.
ಈಗ ಬಾಯಿ ತೆರದ್ರ ಹಲ್ಲು ಅನ್ನೂವು
ವಸಡಿನ ಮಟ್ಟಕ್ಕ ಫಿನಿಶಿಂಗ್ ಆಗ್ಯಾವ.
ಚಟ ಮಾತ್ರ ಹೋಗಿಲ್ಲ.
ರಾತ್ರಿ ಬಾಯಾಗ ರಗತ, ಮುಂಜಾನಿ ಮತ್ತ ಚೂರು.
ಪಶು ಆಸ್ಪತ್ರಿ ಡಾಕ್ಟರಮ್ಮ ಅಂದ್ರು:
ಕಸ್ಕೋಬ್ಯಾಡ್ರಿ ಸಾಯಬಣ್ಣ, ಬದಲಿಗೊಂದು ಕೊಡ್ರಿ.

ತಬ್ರೇಜ್ ಬುಟ್ಟಿ ಬೋರಲು ಹಾಕಿದ.
ಕಣ್ಣಿಗಿ ಗುಂಡಿ ಹಚ್ಚಿದ್ದು ಬ್ಯಾಡ, ನುಂಗತದ.
ಒಳಗ ಸೀಟಿ ಇದ್ದದ್ದು ಬ್ಯಾಡ, ಹುಡುಕಿ ಹರೀತದ.
ಹಗ್ಗ ಎಳಿ ಎಳಿ ಬಿಚ್ಚಿ ಹೊಟ್ಟ್ಯಾಗ ಹೋಗ್ತದ.
ಬಾಯಿಗಿಂತ ಸಣ್ಣದು ಬ್ಯಾಡೇ ಬ್ಯಾಡ.
ಹುಡುಗಗ ಇಪ್ಪತ್ತು ತುಂಬಿರಲಿಕ್ಕಿಲ್ಲ,
ಮಾತು ಕೇಳಿದ್ರ
ಹತ್ತು ಕೂಸು ಹೆತ್ತ ಮುದುಕಿ.

ಕಡೀಕ ನಾ ಒಂದು ಕೆಲಸ ಮಾಡಿದೆ.
ಯಾರೂ ನೋಡ್ಲತ್ತಿಲ್ಲಂತ ತಿಳ್ಕೊಂಡು
ಬಾದಾಮಿ ಬಣ್ಣದ ರಬ್ಬರಿನ ಉಂಗುರ
ನನ್ನ ಬಾಯಾಗೇ ಇಟ್ಟು ಕಡದೆ,
ಎಡಗಡಿ, ಆ ಸಡಲ ದವಡಿ ಹಲ್ಲಿನ ಕಡಿ.
ಬಾಗಿತು. ನೋಯಲಿಲ್ಲ.
ಬೆಕ್ಕಿನ ಬುಟ್ಟಿ ಹಿಡ್ಕೊಂಡ ಹೆಣ್ಮಗಳೊಬ್ಬಾಕಿ
ಬಾಯಿ ತೆರದು ನಿಂತಿದ್ದಳು.
ತಬ್ರೇಜ್ ನಗಲಿಲ್ಲ.
ಎಂಜಲಾತು, ಇನ್ನ ತಗೋಳೇಬೇಕು ಕಾಕಾ, ಅಂದ,
ಇಪ್ಪತ್ತು ರೂಪಾಯಿ ಬಿಟ್ಟ.

ಗಾಡ್ಯಾಗ ಎದುರಿಗಿ ಕುಂತವ ಕೇಳಿದ,
ಮಮ್ಮಗಗೇನ್ರಿ? ಹಲ್ಲು ಬರ್ಲತ್ತಾವೇನು?
ಹೋಗ್ಲತ್ತಾವ, ಅಂದೆ.
ಅವ ಮುಂದ ಮಾತಾಡಲಿಲ್ಲ.

ಬ್ಲೇಡ್ ಎಲ್ಲದ, ಅಂದಳು ಮಹಾನಂದಾ.
ನಾಳಿಗಿ, ಅಂದೆ.

ಫರಸಿ ಉಂಗುರ ಮೂಸಿತು. ನನ್ನ ಬಾಯಿ ಮೂಸಿತು.
ಮತ್ತ ಉಂಗುರ.
ಎದ್ದು ಮೂಲಿಗಿ ಹೋತು. ಆತು ಬಿಡು,
ನೂರಾ ಎಂಬತ್ತು ಹೋದಂಗ, ಅಂದ್ಕೊಂಡೆ.
ತಿರುಗಿ ಬರೂವಾಗ ಬಾಯಾಗ ಚೂರಿತ್ತು.
ನನ್ನ ಪಾದದ ಮ್ಯಾಲ ಅದನ್ನ ಇಟ್ಟು
ಉಂಗುರ ತಗೊಂಡು ಹೋತು,
ಉದ್ದರಿ ಸೇರದ ಗಿರಾಕಿಯಂಗ.

ಚೂರು ಎತ್ತಿದೆ. ಜೊಲ್ಲು, ಇನ್ನಾ ಬೆಚ್ಚಗ.
ಒಂದು ಅಂಚು ಮಷೀನು ಕೊಯ್ದಂಗೇ ಚೂಪು.
ಇನ್ನೊಂದು ಅಂಚು ದುಂಡಗ, ನುಣ್ಣಗ,
ನಮ್ಮ ಪಾಲಿಶಿಗಿ ಎಂದೂ ಬರದ ನುಣುಪು.
ನನ್ನ ಹೆಬ್ಬೆಟ್ಟಿಗೂ ಗೊತ್ತಾತು.