ನಾಲ್ಕನೇ ತೂತು

ಆಲೂರಿನ ಗ್ಯಾರೇಜಿನಲ್ಲಿ ಮೊಯ್ದು
ಡ್ರಿಲ್ ಹಿಡಿದು ಕೇಳುತ್ತಾನೆ: ಎಲ್ಲಿ ಕೊರೀಲಿ?
ಇಲಾಖೆಯ ಜೀಪಿಗೆ ಆಗಲೇ ಮೂರು ತೂತು,
ಮೂರಕ್ಕೂ ಎಂ-ಸೀಲಿನ ಮುಲಾಮು.

ಬಂಪರಿನದು ನಾನು ಸೇರಿದ ವರ್ಷದ್ದು.
ಕಾಫಿ ಗಿಡ ತಾಗದು, ನಿಜ;
ಜೀಪಿನ ಮೈಯೇ ಅಡ್ಡ ನಿಂತು
ಬೆನ್ನ ಹಿಂದಿನ ಮಾತಿಗೆಲ್ಲ ಕಿವುಡು.
ಬಾನೆಟ್ಟಿನ ಮೂಲೆಯದು
ಎಂಜಿನ್ನಿನ ಗೊರಗೊರವನ್ನೇ ಸುದ್ದಿ ಅಂತ ತಂದಿತು.
ಆಮೇಲೊಂದು ಮ್ಯಾಗ್ನೆಟ್ಟಿನದು, ತೂತೇ ಬೇಡದ್ದು,
ಯಾವ ಸಿಲ್ವರ್ ಓಕ್ ಕಿತ್ತುಕೊಂಡಿತೋ.

ನೆತ್ತಿ ನಡುವೆ ಇಡಿ, ಎನ್ನುತ್ತಾನೆ ವೈರ್‌ಲೆಸ್ಸಿನ ಹುಡುಗ,
ಸುತ್ತ ತಗಡು ಸಮ ಇದ್ರೆ
ನಾಲ್ಕು ದಿಕ್ಕೂ ಸಮ ಕೇಳುತ್ತೆ.
ಕೊಂಬೆ?
ಬುಡಕ್ಕೆ ಸ್ಪ್ರಿಂಗ್ ಸಾರ್. ಬಾಗುತ್ತೆ, ಏಳುತ್ತೆ.

ಮೂರನೇ ತೂತಿನ ಮಾತು ಯಾರೂ ಎತ್ತಲಿಲ್ಲ.
ಹಿಂಬಾಗಿಲಿನ ಎಡಪಕ್ಕದ್ದು.
ಮಗ್ಗೆ ದಾರಿಯಲ್ಲಿ ಆ ರಾತ್ರಿ ವಾಚರ್ ಸಿಂಗ್ರಯ್ಯ
ಏಳು ಸಲ ಕರೆದಿದ್ದನಂತೆ:
ನಿಮ್ಮ ಬಲಕ್ಕಿದೀನಿ, ಒಂಟಿ ಸಲಗ, ಬಲಕ್ಕೆ ಬನ್ನಿ.
ನಮಗೆ ಕೇಳಿದ್ದು ಬರೀ ಸರ್ರ್.

ಟೈರುಗಳ ಪಕ್ಕದ ಬೆಂಚಿನಲ್ಲಿ ಕೂತು
ಟೀ ಆರಿಸುತ್ತಿದ್ದಾನೆ ಈಗ.
ಮೊಯ್ದು ಟೇಪು ಎಳೆದು, ಎರಡು ಸಲ ಅಳೆದು,
ನಟ್ಟನಡುವೆ ಸೀಮೆಸುಣ್ಣದ ಚುಕ್ಕೆ ಇಟ್ಟ.
ಸಿಂಗ್ರಯ್ಯ ಊರುಗೋಲೆತ್ತಿ ತೋರಿಸಿ,
ಒಂದು ಬೆರಳು ಬಲಕ್ಕೆ, ಅಂದ.